ಕೊಡುವವನೋ, ಕೂಡಿಸುವವನೋ?

ಒಳ್ಳೆಯ ನಾಯಕ ಯಾರು? ಊರಿಗೆ ಬೇಕಾದದ್ದನ್ನು ತಂದುಕೊಡುವವನು ಎಂದು ನಾವು ಥಟ್ಟನೆ ಹೇಳುತ್ತೇವೆ. ಆದರೆ ಕೊಡುವ ಕೈ ಹಿಂದೆ ಸರಿದ ದಿನ ನಮ್ಮ ಬಳಿ ಉಳಿಯುವುದೇನು?

ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಇಂಥ ಸಂಘ ಕೊಡುವುದು ಸಾಲ. ಪಡೆದವನು ಮರಳಿಸಿದರೆ ಮುಂದಿನವನಿಗೆ ಸಿಗುತ್ತದೆ. ಹೀಗೆ ಒಬ್ಬನ ಪ್ರಾಮಾಣಿಕತೆ ಇನ್ನೊಬ್ಬನ ಬಂಡವಾಳವಾಗುತ್ತದೆ. ಪಟ್ಟಣದಲ್ಲೂ ಇದೇ ನೀತಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ 2 ಆಣೆಯ ಉಳಿತಾಯವನ್ನೂ ಮನೆಬಾಗಿಲಿಗೇ ಹೋಗಿ ಪಡೆಯಿತು. ಬಡವನ ಬಳಿಯೂ ಕೊಡಲು ಏನೋ ಇದೆ ಎಂಬ ಗೌರವ ಅದರಲ್ಲಿತ್ತು.

ಸಣ್ಣ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ಮೇಲಿನ ಅಧಿಕಾರ ಕಸಿದುಕೊಳ್ಳುವುದು ಅನ್ಯಾಯವೆಂದು ಜಗದ್ಗುರು 11ನೇ ಪಯಸ್ 1931ರಲ್ಲಿ ಬೋಧಿಸಿದರು. ಕಸಿಯುವುದು ಅನ್ಯಾಯವಾದರೆ, ನಾವಾಗಿಯೇ ಅದನ್ನು ಬಿಟ್ಟುಕೊಡುವುದೂ ತಪ್ಪಲ್ಲವೇ? ಗ್ರಾಮಸಭೆಯಲ್ಲಿ ಲೆಕ್ಕ ಕೇಳದೆ, ಸಂಘದ ಕಂತು ಕಟ್ಟದೆ, ಒಳ್ಳೆಯ ನಾಯಕರಿಲ್ಲವೆಂದು ಗೊಣಗಿದರೆ ಏನು ಫಲ? ಕೂಡಿಸುವವನು ಕರೆದಾಗ ಕೂಡುವವರು ಬೇಕು. ಮುಂದಿನ ಸಭೆಯಲ್ಲಿ ನಿಮ್ಮ ಜಾಗ ಖಾಲಿ ಉಳಿಯದಿರಲಿ.