ಬೆಂಕಿ ದೇವರದು, ಸೌದೆ ನಮ್ಮದು



ಹೋದ ವಾರ ಕೂಟ ಮುಗಿದ ಮೇಲೆ ಒಬ್ಬ ತಮ್ಮ ಬೈಕ್ ಹತ್ರ ನಿಂತು ಕೇಳಿದ: "ಬ್ರದರ್, ಕ್ಯಾಂಪಿಂದ ಬಂದಾಗ ಬೆಳಿಗ್ಗೆ ಐದಕ್ಕೇ ಎದ್ದು ಪ್ರಾರ್ಥನೆ ಮಾಡ್ತಿದ್ದೆ. ಈಗ ಮನಸ್ಸೇ ಬರಲ್ಲ. ಮನಸ್ಸಿಲ್ಲದೆ ಮೊಣಕಾಲೂರಿದ್ರೆ ಅದು ಕಪಟ ಅಲ್ವಾ?"

ಬೈಬಲ್ ಕಾಲೇಜಿನಲ್ಲಿದ್ದಾಗ ನಾನೂ ಇದೇ ಮಾತು ಹೇಳ್ಕೊಂಡು ತಿಂಗಳುಗಟ್ಟಲೆ ಪ್ರಾರ್ಥನೆ ಬಿಟ್ಟಿದ್ದೆ. ನಾನು ಪ್ರಾಮಾಣಿಕ ಅಂದ್ಕೊಂಡಿದ್ದೆ, ನಿಜವಾಗಿ ತಣ್ಣಗಾಗ್ತಿದ್ದೆ.

ನಮ್ಮ ಭದ್ರಾವತಿ ನೋಡಿ. ನಿಮ್ಮಲ್ಲಿ ಕೆಲವರ ಮನೆ ಹಿರಿಯರು ಅಲ್ಲಿ ದುಡಿದಿರಬಹುದು. ಆ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1918ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ಕಬ್ಬಿಣ ಬಂದದ್ದು 1923ರಲ್ಲಿ. ಅಷ್ಟರಲ್ಲಿ ಯುದ್ಧಕಾಲದ ಬೆಲೆ ಬಿದ್ದಿತ್ತು, ಉತ್ಸಾಹವೂ ಇಳಿದಿತ್ತು. ಆಗಲೇ, ದಿವಾನಗಿರಿ ಬಿಟ್ಟಿದ್ದ ಅವರು ಅಧ್ಯಕ್ಷರಾಗಿ ಬಂದು ವರ್ಷಗಟ್ಟಲೆ ಅದನ್ನು ನಡೆಸಿದರು.

ಅಲ್ಲಿನ ಕುಲುಮೆಗೆ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆ ಸುಟ್ಟ ಇದ್ದಿಲು ಹಗಲು-ರಾತ್ರಿ ಸುರೀಬೇಕಿತ್ತು. ಕೆಳಗಿಂದ ಗಾಳಿ ಊದಬೇಕಿತ್ತು. "ಇವತ್ತು ಮೂಡಿಲ್ಲ" ಅಂತ ಬಿಟ್ಟರೆ ಒಳಗಿನ ಕಬ್ಬಿಣ ಅಲ್ಲೇ ಹೆಪ್ಪುಗಟ್ಟುತ್ತೆ. ಮತ್ತೆ ಹೊತ್ತಿಸೋದು ಬಹಳ ಕಷ್ಟ.

ಈಗ ಯಾಜಕಕಾಂಡ 9ನೇ ಅಧ್ಯಾಯ ತೆಗೀರಿ. ಯಜ್ಞವೇದಿಯ ಮೇಲಿನ ಬೆಂಕಿ ಬಂದದ್ದು ಕರ್ತನ ಸನ್ನಿಧಿಯಿಂದ. ಆದರೆ 6ನೇ ಅಧ್ಯಾಯದಲ್ಲಿ ಯಾಜಕನಿಗೂ ಕೆಲಸ ಇದೆ: ಬೂದಿ ತೆಗೀಬೇಕು, ದಿನಾ ಬೆಳಿಗ್ಗೆ ಸೌದೆ ಇಡಬೇಕು. ಸೌದೆಯಿಂದ ಬೆಂಕಿ ಹುಟ್ಟಲ್ಲ, ಅದು ಕೃಪೆ. ಸೌದೆ ಇಲ್ಲದೆ ಬೆಂಕಿ ನಿಲ್ಲಲ್ಲ, ಅದು ನಂಬಿಗಸ್ತಿಕೆ. ಹೋದ ವರ್ಷದ ಕ್ಯಾಂಪಿನ ಸಾಕ್ಷಿ ಒಳ್ಳೇದೇ. ಆದ್ರೆ ಬೂದಿಯಿಂದ ಇವತ್ತಿನ ಚಳಿ ಹೋಗಲ್ಲ.

ಹಾಗಾದ್ರೆ ಕಪಟ ಯಾವುದು? ಒಳಗೆ ತಣ್ಣಗಿದ್ದು ಜನರ ಮುಂದೆ ಉರೀತಿರೋ ಹಾಗೆ ತೋರಿಸೋದು. ತಣ್ಣಗಿದ್ದೀನಿ ಅಂತ ತಂದೆಯ ಹತ್ರಾನೇ ಬಂದು ಹೇಳೋದು ಕಪಟ ಅಲ್ಲ, ಸತ್ಯ. ಗೆತ್ಸೆಮನೆಯಲ್ಲಿ ಯೇಸು ಆ ಪಾತ್ರೆ ತೊಲಗಲಿ ಅಂತ ಬೇಡಿದನು. ಮೂರನೇ ಸಾರಿಯೂ ಅದೇ ಮಾತುಗಳಿಂದ ಪ್ರಾರ್ಥಿಸಿದನು ಅಂತ ಮತ್ತಾಯನು ಬರೆದಿದ್ದಾನೆ. ಭಾವನೆ ಭಾರವಾಗಿತ್ತು, ಆದರೂ ಎದ್ದು ಹೋಗಲಿಲ್ಲ. ಪ್ರೀತಿ ಅಂದ್ರೆ ಬರೀ ಉಕ್ಕೋದಲ್ಲ, ಉಳಿಯೋದು.

ಅದಕ್ಕೇ ನಾಳೆ ಐದು ಗಂಟೆ ಬೇಡ. ಮೊಬೈಲ್ ಮುಟ್ಟೋ ಮೊದಲು ಹತ್ತು ನಿಮಿಷ. ಮೊದಲು ಬೂದಿ ತೆಗೀರಿ: ನಿನ್ನೆಯ ಪಾಪ, ನಿನ್ನೆಯ ಸೋಲು ಅರಿಕೆ ಮಾಡಿ. ಆಮೇಲೆ ಒಂದು ಕೀರ್ತನೆ ಓದಿ. ಒಂದು ದಿನ ತಪ್ಪಿದ್ರೆ ಮಾರನೇ ದಿನ ಮತ್ತೆ ಬನ್ನಿ. ಪೂರ್ತಿ ಆರಿಹೋಗಿದೆ ಅನ್ಸಿದ್ರೂ ಬನ್ನಿ; ಮೊದಲು ಹೊತ್ತಿಸಿದಾತನು ಬದಲಾಗಿಲ್ಲ.

ಆ ತಮ್ಮನಿಗೆ ಹೇಳಿದ್ದೇ ನಿಮಗೂ ಹೇಳ್ತೀನಿ: ಮನಸ್ಸು ಬರಲಿ ಅಂತ ಕಾಯಬೇಡಿ, ಸೌದೆ ಇಡಿ. ಆಮೆನ್.