ಗಟಾರ ಎಲ್ಲಿ ಮುಗಿಯುತ್ತದೆ?

ಶಹಾಬಾದ್, ವಾಡಿ, ಚಿತ್ತಾಪುರದ ಆಸುಪಾಸಿನಲ್ಲಿ ಪರಸಿ ಪಾಲಿಶ್ ಮಾಡುವ ಶೆಡ್ಡಿನ ಮುಂದೆ ಐದು ನಿಮಿಷ ನಿಂತು ನೋಡಬೇಕು. ಗಿರಗಿರ ತಿರುಗುವ ಚಕ್ರದ ಕೆಳಗೆ ಹಾಸುಗಲ್ಲು, ಅದರ ಮೇಲೆ ಎಡೆಬಿಡದೆ ಬೀಳುವ ನೀರು. ನೀರಿಲ್ಲದಿದ್ದರೆ ಕಲ್ಲು ಕಾಯುತ್ತದೆ, ಧೂಳೆದ್ದು ಕೆಲಸಗಾರನ ಎದೆಗೆ ಸೇರುತ್ತದೆ. ಆದ್ದರಿಂದ ನೀರು ಬೇಕೇ ಬೇಕು. ಕಲ್ಲು ನುಣುಪಾಗುತ್ತಾ ಹೋದಂತೆ ನೀರು ಬೂದುಬಣ್ಣದ ರಾಡಿಯಾಗಿ ಕೆಳಗಿಳಿಯುತ್ತದೆ. ಇಲ್ಲಿಂದ ಮುಂದೆ ಅದಕ್ಕೆ ಎರಡು ದಾರಿ. ಮಾಲೀಕ ಹೊಂಡ ಕಟ್ಟಿಸಿದ್ದರೆ ಪುಡಿ ತಳಕ್ಕೆ ಕೂತು, ತಿಳಿನೀರು ಮತ್ತೆ ಮಷಿನ್‌ಗೆ ಬರುತ್ತದೆ. ಕಟ್ಟಿಸದಿದ್ದರೆ ರಾಡಿ ನೇರ ಗಟಾರಕ್ಕೆ. ಕೇಳಿದರೆ ಸಿಗುವ ಉತ್ತರ ಎಲ್ಲೆಡೆ ಒಂದೇ: “ಕಲ್ಲಿನ ನೀರೇ ಅದರೀ, ವಿಷ ಏನಲ್ಲ.”

ಮಾತು ಅರ್ಧ ನಿಜ. ಈ ಕಲ್ಲು ಸುಣ್ಣದ ಕಲ್ಲು, ವಿಷವಲ್ಲ. ಆದರೆ ಗಟಾರಕ್ಕೆ ಏನು ಬಿಡಬಹುದು, ಏನು ಬಿಡಬಾರದು ಎಂಬುದನ್ನು ಕಾನೂನು ವಿಷ ಹೌದೋ ಅಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ತೀರ್ಮಾನಿಸುವುದಿಲ್ಲ.

1974ರ ಜಲ ಮಾಲಿನ್ಯ ತಡೆ ಕಾಯ್ದೆ ನಮ್ಮಲ್ಲಿ ಬಹಳ ಜನ ತಿಳಿದಿರುವುದಕ್ಕಿಂತ ವಿಶಾಲವಾದದ್ದು. ಹೊಲಸು ನೀರು ಅಥವಾ ಕಾರ್ಖಾನೆಯ ತ್ಯಾಜ್ಯ ನೀರು ಹರಿಯುವ ಕಾಲುವೆ ಯಾವುದೇ ಇರಲಿ, ಮುಚ್ಚಿದ ಪೈಪಾಗಲಿ ತೆರೆದ ಗಟಾರವಾಗಲಿ, ಎರಡೂ ಚರಂಡಿಯೇ ಎಂದು 1978ರ ತಿದ್ದುಪಡಿ ಹೇಳಿತು. ಮಾಲಿನ್ಯ ಬಿಡುವುದರ ಮೇಲಿನ ನಿಷೇಧ ಮೊದಲಿಗೆ ನದಿ, ಹಳ್ಳ, ಬಾವಿಗಳಿಗಷ್ಟೇ ಇತ್ತು. 1988ರಲ್ಲಿ ಅದು ಚರಂಡಿಗೂ ನೆಲಕ್ಕೂ ವಿಸ್ತರಿಸಿತು. ಹಳ್ಳದಲ್ಲಿ ನೀರು ಬತ್ತಿದ್ದರೂ ಕಾನೂನಿನ ಕಣ್ಣಿಗೆ ಅದು ಹಳ್ಳವೇ. ವರ್ಷದಲ್ಲಿ ಬಹುಪಾಲು ಒಣಗಿರುವ ನಮ್ಮ ಸೀಮೆಯ ನಾಲಾಗಳಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ. ಒಳಚರಂಡಿ (ಯುಜಿಡಿ) ಇನ್ನೂ ಬಂದಿಲ್ಲ, ಹಾಗಾಗಿ ನಮಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಸೇಡಂನಲ್ಲಿ ಕೂತು ಹೇಳಿದರೂ, ಚಿಂಚೋಳಿಯಲ್ಲಿ ಕೂತು ಹೇಳಿದರೂ ನಿಲ್ಲುವ ಮಾತಲ್ಲ.

ಇನ್ನು ಪ್ರಮಾಣದ ಮಾತು. 1986ರ ಪರಿಸರ ಸಂರಕ್ಷಣಾ ನಿಯಮಗಳ ಕೊನೆಗೊಂದು ಕೋಷ್ಟಕವಿದೆ. ಶುದ್ಧೀಕರಿಸಿದ ನೀರನ್ನು ನದಿ-ಹಳ್ಳಕ್ಕೆ ಬಿಟ್ಟರೆ ಎಷ್ಟು, ಸಾರ್ವಜನಿಕ ಒಳಚರಂಡಿಗೆ ಬಿಟ್ಟರೆ ಎಷ್ಟು, ಹೊಲಕ್ಕೆ ಹಾಯಿಸಿದರೆ ಎಷ್ಟು, ಸಮುದ್ರತೀರಕ್ಕೆ ಎಷ್ಟು ಎಂದು ಬೇರೆಬೇರೆ ಕಲಂಗಳಲ್ಲಿ ಬರೆದಿದ್ದಾರೆ. ನೀರಿನಲ್ಲಿ ತೇಲುವ ಕಣ, ಅಂದರೆ ನಮ್ಮ ಪರಸಿಯ ಪುಡಿಯಂಥದ್ದು, ನದಿಗೆ ಬಿಡುವಾಗ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು. ಒಳಚರಂಡಿಗಾದರೆ 600ರವರೆಗೆ ಅವಕಾಶ. ಕೊಳೆಯುವ ಪದಾರ್ಥದ ಅಳತೆಯಾದ ಬಿಒಡಿ ನದಿಗೆ 30, ಒಳಚರಂಡಿಗೆ 350. ಎಣ್ಣೆ-ಜಿಡ್ಡು ನದಿಗೆ 10, ಒಳಚರಂಡಿಗೆ 20. ಸೀಸ ನದಿಗೆ 0.1, ಒಳಚರಂಡಿಗೆ 1.

ಒಳಚರಂಡಿಗೆ ಇಷ್ಟು ಸಡಿಲ ಕೊಟ್ಟಿದ್ದೇಕೆ? ಪೈಪಿನ ಆ ತುದಿಗೆ ಶುದ್ಧೀಕರಣ ಘಟಕ ಕಾದಿರುತ್ತದೆ, ಉಳಿದ ಹೊಲಸನ್ನು ಅದು ತೆಗೆಯುತ್ತದೆ ಎಂಬ ನಂಬಿಕೆಯ ಮೇಲೆ. ಘಟಕವೇ ಇಲ್ಲದಿದ್ದರೆ, ಇದ್ದೂ ನಡೆಯದಿದ್ದರೆ, ಆ ಸಡಿಲಿಕೆಗೆ ಆಧಾರವೇ ಉಳಿಯುವುದಿಲ್ಲ. ಗಟಾರ ಹೋಗಿ ನಾಲಾಕ್ಕೆ, ನಾಲಾ ಹೋಗಿ ಕಾಗಿಣಾ ಹೊಳೆಗೆ ಬೀಳುವ ಊರಿನಲ್ಲಿ 600ರ ಲೆಕ್ಕ ಹಿಡಿಯುವುದೆಂದರೆ ನದಿಗೆ ಆರುಪಟ್ಟು ರಾಡಿಯನ್ನು ಕಾಗದದ ಮೇಲೆ ಸರಿ ಎಂದು ಒಪ್ಪಿದ ಹಾಗೆ. ಆಸ್ಪತ್ರೆಗಳ ವಿಷಯದಲ್ಲಿ ಕಾನೂನು ಇದನ್ನು ಬಿಡಿಸಿಯೇ ಹೇಳಿದೆ. ಕೊನೆಗೆ ಶುದ್ಧೀಕರಣ ಘಟಕವಿಲ್ಲದ ಚರಂಡಿಗೆ ಆಸ್ಪತ್ರೆ ನೀರು ಬಿಟ್ಟರೆ ಬಿಗಿಯಾದ ಮಿತಿಯೇ ಅನ್ವಯ. ಆ ನೀರಿನಲ್ಲಿ ಬಿಟ್ಟ ಮೀನುಗಳಲ್ಲಿ 96 ಗಂಟೆ ಕಳೆದ ಮೇಲೂ ನೂರಕ್ಕೆ ತೊಂಬತ್ತು ಬದುಕಿರಬೇಕು. ಈ ಕಟ್ಟಳೆಯ ಹಿಂದಿನ ವಿವೇಕ ಪಾಲಿಶ್ ಶೆಡ್ಡಿಗೂ ಹೋಟೆಲ್ಲಿಗೂ ಗ್ಯಾರೇಜಿಗೂ ಸಲ್ಲಬೇಕು ಎಂಬುದು ನನ್ನ ವಾದ. ಗಟಾರಕ್ಕೆ ಏನು ಬೀಳುತ್ತದೆ ಎಂದು ಕೇಳುವ ಮೊದಲು ಗಟಾರ ಎಲ್ಲಿ ಮುಗಿಯುತ್ತದೆ ಎಂದು ಕೇಳಬೇಕು.

ಕಾಗಿಣಾ ತೆಲಂಗಾಣದ ತಾಂಡೂರು ದಾಟಿ ನಮ್ಮ ಕಡೆ ಬರುವ ಹೊಳೆ. ತಾಂಡೂರೂ ಕಲ್ಲಿನ ಊರೇ. ಚಿಂಚೋಳಿ ಕಡೆಯ ಮುಲ್ಲಾಮಾರಿಯನ್ನು ಕೂಡಿಸಿಕೊಂಡು, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬದಿಗೆ ಹಾದು, ದಂಡೋತಿ, ಶಹಾಬಾದ್ ಕಡೆ ಸಾಗಿ ಹೊನಗುಂಟಾದ ಬಳಿ ಭೀಮೆಯನ್ನು ಸೇರುತ್ತದೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ಕಲುಷಿತವಾದ 351 ನದಿಪಾತ್ರಗಳನ್ನು ಪಟ್ಟಿ ಮಾಡಿತು. ಕರ್ನಾಟಕದ 17ರಲ್ಲಿ ಕಾಗಿಣಾವೂ ಒಂದು. ಶಹಾಬಾದ್‌ನಿಂದ ಹೊನಗುಂಟಾವರೆಗಿನ ಹರಿವು ಅದು. ಆ ಪಟ್ಟಿಯನ್ನು ಮುಂದಿಟ್ಟುಕೊಂಡೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪ್ರತಿ ನದಿಗೂ ಕ್ರಿಯಾಯೋಜನೆ ಬೇಕೆಂದು ರಾಜ್ಯಗಳಿಗೆ ಆದೇಶಿಸಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಪಟ್ಟಿ ತಯಾರಾದದ್ದು ಬಿಒಡಿ ಲೆಕ್ಕದ ಮೇಲೆ. ಕಲ್ಲಿನ ಪುಡಿ ಬಿಒಡಿಯಲ್ಲಿ ಕಾಣಿಸುವುದೇ ಇಲ್ಲ. ಬಿಒಡಿ ಏರಿಸುವುದು ನಮ್ಮ ನಿಮ್ಮ ಮನೆಯ ಪಾಯಖಾನೆ, ಬಚ್ಚಲು, ಅಡುಗೆಮನೆಯ ನೀರು. ಹಾಗಾಗಿ ಪರಸಿ ವ್ಯಾಪಾರಿಗಳತ್ತ ಮಾತ್ರ ಬೆರಳು ತೋರಿಸಿ ಊರು ಕೈತೊಳೆದುಕೊಳ್ಳುವಂತಿಲ್ಲ. ಎರಡೂ ನೀರು ಒಂದೇ ಗಟಾರದಲ್ಲಿ ಕೂಡಿದಾಗ ಕೇಡು ಹೆಚ್ಚುತ್ತದೆ.

ಅದು ಹೇಗೆಂದರೆ, ಚರಂಡಿ ನೀರು ಸೆಕೆಂಡಿಗೆ 0.6 ಮೀಟರಿಗಿಂತ ಕಡಿಮೆ ವೇಗದಲ್ಲಿ ಹರಿಯಬಾರದು, ಹರಿದರೆ ಮರಳು-ಮಣ್ಣು ತಳ ಹಿಡಿಯುತ್ತದೆ ಎಂಬುದು ಒಳಚರಂಡಿ ಎಂಜಿನಿಯರುಗಳ ಹಳೆಯ ಲೆಕ್ಕ. ಬೇಸಿಗೆಯಲ್ಲಿ ನಳಕ್ಕೆ ನೀರು ಬರುವುದೇ ಅಪರೂಪವಾದಾಗ ಗಟಾರದಲ್ಲಿ ಅಷ್ಟು ಹರಿವು ಎಲ್ಲಿಂದ ಬರಬೇಕು? ಪುಡಿ ಕೂತು, ಒಣಗಿ, ಮತ್ತೊಂದು ಪದರ ಕೂತು ಬಿರುಸಾದ ಹಲಗೆಯಾಗುತ್ತದೆ. ತೆರೆದ ಗಟಾರವಾದರೆ ಪೌರಕಾರ್ಮಿಕರು ಸಲಿಕೆಯಿಂದ ಕೆರೆಯಬೇಕು. ಸಲಿಕೆಗೂ ಬಗ್ಗದಿದ್ದರೆ ಹಾರೆ ಹಾಕಬೇಕು. ಮುಚ್ಚಿದ ಪೈಪಾದರೆ ಹಿಂದೆ ನಿಂತ ಹೊಲಸು ಗಾಳಿಯಿಲ್ಲದೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಏಳುತ್ತದೆ. ಅದು ಪೈಪಿನ ಮೇಲ್ಭಾಗದ ತೇವದಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಗಂಧಕಾಮ್ಲವಾಗುತ್ತದೆ, ಕಾಂಕ್ರೀಟನ್ನು ಮೇಲಿನಿಂದ ತಿನ್ನುತ್ತಾ ಬರುತ್ತದೆ. ದೇಶಕ್ಕೆ ಸಿಮೆಂಟ್ ಕೊಡುವ ತಾಲ್ಲೂಕುಗಳಿವು. ಆ ಸಿಮೆಂಟಿನದೇ ಪೈಪು ನಮ್ಮ ಕಾಲಕೆಳಗೆ ಹೀಗೆ ಸವೆಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಅದೇ ಅನಿಲ ಮನುಷ್ಯನನ್ನೂ ಕೊಲ್ಲುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿನ ಶಕ್ತಿಯೇ ಹೋಗಿ ವಾಸನೆ ತಿಳಿಯುವುದಿಲ್ಲ. 2021ರ ಜನವರಿಯಲ್ಲಿ ನಮ್ಮ ಜಿಲ್ಲಾ ಕೇಂದ್ರ ಕಲಬುರಗಿಯಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು ಹೆಣವಾಗಿ ಮೇಲೆ ಬಂದರು. 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಚರಂಡಿಗಾಗಲಿ ಸೆಪ್ಟಿಕ್ ಟ್ಯಾಂಕಿಗಾಗಲಿ ಇಳಿಸಕೂಡದೆಂದು ಹೇಳಿ ಆಗಲೇ ಏಳು ವರ್ಷ ದಾಟಿತ್ತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಚರಂಡಿಗೆ ಏನು ಬಿಡಬಾರದು ಎಂಬ ನಿಯಮ ಪಾಲಿಸಿದರೆ ಚರಂಡಿ ಕಟ್ಟಿಕೊಳ್ಳುವುದು ಕಡಿಮೆಯಾಗುತ್ತದೆ, ಕಟ್ಟಿಕೊಳ್ಳದ ಚರಂಡಿಗೆ ಯಾರೂ ಇಳಿಯಬೇಕಿಲ್ಲ. ನನಗೆ ಈ ನಿಯಮದ ಮೇಲೆ ಇಷ್ಟು ಕಾಳಜಿ ಇರುವುದು ಇದಕ್ಕಾಗಿ.

ಮನೆಮನೆಯ ಆ್ಯಸಿಡ್ ಬಾಟಲಿಯ ಕತೆಯೂ ಇದೆ. ಬಚ್ಚಲಿನ ಪರಸಿಯ ಮೇಲೆ ಆ್ಯಸಿಡ್ ಸುರಿದರೆ ಬುರುಬುರು ನೊರೆ ಏಳುತ್ತದೆ. ಕೊಳೆ ಬಿಡುತ್ತಿದೆ ಎಂದುಕೊಳ್ಳುತ್ತೇವೆ, ನಿಜಕ್ಕೂ ಕರಗುತ್ತಿರುವುದು ಕಲ್ಲು. ಉಳಿದ ಆ್ಯಸಿಡ್ ಪೈಪಿಗೆ ಹೋಗಿ ಕಾಂಕ್ರೀಟನ್ನೂ ಹಾಗೆಯೇ ತಿನ್ನುತ್ತದೆ. ಆಮ್ಲ-ಕ್ಷಾರದ ಮಿತಿ ಪಿಎಚ್ 5.5ರಿಂದ 9ರವರೆಗೆ ಎಂದು ಅದೇ ಕೋಷ್ಟಕ ಹೇಳುತ್ತದೆ. ಅದು ಕಾರ್ಖಾನೆಗೆ ಬರೆದ ಮಿತಿಯೇ ಇರಬಹುದು, ಪೈಪಿಗೆ ಆ ಭೇದ ತಿಳಿಯುವುದಿಲ್ಲ. ವಾಡಿ ಜಂಕ್ಷನ್ನಿನಂಥ ಕಡೆ ಭಜಿ ಕರಿದು ಉಳಿದ ಎಣ್ಣೆಯೂ ಅಷ್ಟೇ. ಬಿಸಿಯಾಗಿ ಇಳಿಯುತ್ತದೆ, ತಣ್ಣಗಾಗಿ ಪೈಪಿಗೆ ಅಂಟುತ್ತದೆ.

ಸಣ್ಣ ಪಾಲಿಶ್ ಘಟಕದವರು ಹೊಂಡಕ್ಕೆ ಜಾಗ ಎಲ್ಲಿದೆ, ರೊಕ್ಕ ಎಲ್ಲಿದೆ ಎನ್ನುತ್ತಾರೆ. ಆ ತೊಂದರೆ ಸುಳ್ಳಲ್ಲ. ಮಾಲು ಹೋಗದ ತಿಂಗಳಲ್ಲಿ ಕೂಲಿ ಕೊಡುವುದೇ ಅವರಿಗೆ ಕಷ್ಟ. ಆದರೆ ಒಂದೇ ಕಡೆ ಸಾಲಾಗಿರುವ ಹತ್ತು ಶೆಡ್ಡುಗಳಿಗೆ ಒಂದು ದೊಡ್ಡ ಹೊಂಡ ಸಾಕಾಗುತ್ತದೆ. ನೀರು ತಿರುಗಿ ಬಂದರೆ ಟ್ಯಾಂಕರಿನ ಖರ್ಚೂ ಉಳಿಯುತ್ತದೆ. ಒಣಗಿದ ಪುಡಿ ಇಟ್ಟಿಗೆಗೆ ಆಗುತ್ತದೆಯೇ, ಪಕ್ಕದ ಸಿಮೆಂಟ್ ಕಾರ್ಖಾನೆಯ ಭಟ್ಟಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯಗಳು ಆ ಕಾರ್ಖಾನೆಗಳೊಳಗೇ ಇವೆ. ಜಾಗ ಕೊಡುವುದು ಪುರಸಭೆ, ನಗರಸಭೆಗಳ ಕೆಲಸ.

ಅವರಿಂದಲೇ ಇನ್ನೊಂದು ಕೆಲಸವೂ ಆಗಬೇಕು. ಯಾವ ಓಣಿಯ ಗಟಾರ ಯಾವ ನಾಲಾಕ್ಕೆ ಬೀಳುತ್ತದೆ, ಆ ನಾಲಾ ಎಲ್ಲಿ ಹೊಳೆ ಸೇರುತ್ತದೆ, ನಡುವೆ ಶುದ್ಧೀಕರಣ ಘಟಕ ಇದೆಯೇ, ಇದ್ದರೆ ಇಂದು ನಡೆಯುತ್ತಿದೆಯೇ ಎಂಬುದನ್ನೆಲ್ಲ ತೋರಿಸುವ ನಕ್ಷೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಐದೂ ಕಚೇರಿಗಳ ಗೋಡೆಯ ಮೇಲೆ ಜನ ಓದುವ ಹಾಗೆ ಇರಬೇಕು. ಪಾಲಿಶ್ ಘಟಕ, ಹೋಟೆಲ್, ಗ್ಯಾರೇಜ್, ಆಸ್ಪತ್ರೆ ಯಾವುದರದೇ ಆಗಲಿ ಪರವಾನಗಿ ನವೀಕರಣಕ್ಕೆ ಬಂದಾಗ ಆ ನಕ್ಷೆ ನೋಡಿ, 100 ಅನ್ವಯವೋ 600 ಅನ್ವಯವೋ ಎಂದು ಪರವಾನಗಿ ಪತ್ರದ ಮೇಲೆಯೇ ಬರೆದುಕೊಡಬೇಕು.