ಗೆದ್ದ ದುಡ್ಡು ಯಾರದ್ದು?

ಐಟಿ ಕಂಪನಿಯ ಕ್ಯಾಂಟೀನಿನಲ್ಲಿ ಪೋಕರ್ ಮಾತು ಬಂದರೆ ಒಬ್ಬರಾದರೂ ಹೇಳೇ ಹೇಳ್ತಾರೆ, "ಅದು ಜೂಜಲ್ಲ ಗುರೂ, ಸ್ಕಿಲ್ ಗೇಮ್". ಆ ಮಾತು ಬಿದ್ದ ಮೇಲೆ ಎಲ್ಲರಿಗೂ ಒಂಥರಾ ಸಮಾಧಾನ. ಊರಲ್ಲಿ ಅಪ್ಪ ಬೈದು ಬಿಡಿಸಿದ ಇಸ್ಪೀಟು ಬೇರೆ, ನಾವು ಆಡೋದು ಬೇರೆ ಅನ್ನೋ ಸಮಾಧಾನ. ಪೋಕರಿನಲ್ಲಿ ಸ್ಕಿಲ್ ಇದೆ ಅನ್ನೋದನ್ನ ನಾನೂ ಒಪ್ತೀನಿ. ನನಗಿರೋ ಪ್ರಶ್ನೆ ಅದರ ಮುಂದಿನದು. ಸ್ಕಿಲ್ ಇದ್ದ ಮಾತ್ರಕ್ಕೆ ಗೆದ್ದ ದುಡ್ಡು ನನ್ನ ದುಡಿಮೆ ಆಗುತ್ತಾ?

ಮೊದಲು ಕಾನೂನಿನ ಮಾತು ಮುಗಿಸೋಣ. ಬ್ರಿಟಿಷರ ಕಾಲದ 1867ರ ಸಾರ್ವಜನಿಕ ಜೂಜು ಕಾಯ್ದೆಯೇ ಕೌಶಲದ ಆಟಗಳನ್ನು ಹೊರಗಿಟ್ಟಿತ್ತು. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. 1996ರಲ್ಲಿ ಕುದುರೆ ರೇಸಿಗೂ ಅದೇ ಮಾತು ಹೇಳಿತು. ಪೋಕರ್ ವಿಚಾರದಲ್ಲಿ ಮಾತ್ರ ಕೋರ್ಟುಗಳು ಒಂದಾಗಿಲ್ಲ. ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಅಂತ 2013ರಲ್ಲಿ ನಮ್ಮ ಹೈಕೋರ್ಟ್ ಹೇಳಿದರೆ, 2017ರಲ್ಲಿ ಗುಜರಾತ್ ಹೈಕೋರ್ಟ್ ಅದು ಜೂಜೇ ಅಂದಿತು. ಗೋವಾದಲ್ಲಿ ಈ ತಕರಾರೇ ಇಲ್ಲ. ಅಲ್ಲಿನ 1976ರ ಜೂಜು ಕಾಯ್ದೆಗೆ ತೊಂಬತ್ತರ ದಶಕದಲ್ಲಿ ತಿದ್ದುಪಡಿ ತಂದು, ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಶೀನಿಗೂ, ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅನುಮತಿ ಕೊಟ್ಟರು. ಪಣಜಿಯ ಮಾಂಡೋವಿ ನದಿಯಲ್ಲಿ ರಾತ್ರಿಯೆಲ್ಲ ಝಗಮಗ ಅನ್ನೋ ಹಡಗುಗಳು ಅವೇ. ಒಂದು ವಿಚಿತ್ರ ನೋಡಿ. 2020ರ ಫೆಬ್ರವರಿಯಿಂದ ಗೋವಾ ಸರ್ಕಾರ ಸ್ಥಳೀಯರು ಕ್ಯಾಸಿನೋದಲ್ಲಿ ಆಡೋದನ್ನ ನಿಷೇಧಿಸಿತು. ಹೊರಗಿನವರು ಬಂದು ಆಡಬಹುದು, ನಮ್ಮ ಜನ ಬೇಡ. ಯಾವುದು ಸರಿ ಯಾವುದು ತಪ್ಪು ಅನ್ನೋದು ಸರ್ಕಾರಕ್ಕೂ ಒಳಗೊಳಗೇ ಗೊತ್ತು ಅಂತಾಯ್ತು.

ಟೂರ್ನಮೆಂಟ್ ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರ ಕೈಗೂ ಗುಟ್ಟಾಗಿ 2 ಎಲೆ, ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ 5 ಎಲೆ. ಈ 7ರಲ್ಲಿ ಒಳ್ಳೆಯ 5 ಎಲೆ ಕೂಡಿಸಿದವರು ಗೆದ್ದರು. ಇಲ್ಲವೇ ಬೆಟ್ ಏರಿಸಿ ಏರಿಸಿ ಉಳಿದವರೆಲ್ಲ ಎಲೆ ಎಸೆಯುವಂತೆ ಮಾಡಿದವರು ಗೆದ್ದರು. ಎಲ್ಲರೂ ಒಂದೇ ಶುಲ್ಕ ಕಟ್ತಾರೆ, ಒಂದೇ ಲೆಕ್ಕದ ಚಿಪ್ಸ್ ತಗೋತಾರೆ. ಹೊತ್ತು ಹೋದಂತೆ ಕಡ್ಡಾಯದ ಬೆಟ್ ಏರುತ್ತಾ ಹೋಗುತ್ತೆ. ಚಿಪ್ಸ್ ಮುಗಿದವರು ಹೊರಗೆ. ಕೊನೆವರೆಗೆ ಉಳಿದ ಕೆಲವರಿಗೆ ಬಹುಮಾನ.

ಇದರಲ್ಲಿ ಅದೃಷ್ಟ ಎಷ್ಟು? ಕೈಗೆ ಎರಡು ಎಕ್ಕ ಬರೋದು ಸರಾಸರಿ 221 ಸಲಕ್ಕೊಮ್ಮೆ. ಎಂಟು-ಒಂಬತ್ತು ಗಂಟೆ ಕೂತರೂ ಡೀಲರ್ ಎಲೆ ಹಂಚೋದು ಇನ್ನೂರು ಚಿಲ್ಲರೆ ಸಲ. ಅಂದ್ರೆ ದಿನವಿಡೀ ಆಡಿದರೂ ಒಂದು ಸಲ ಬಂದರೆ ಬಂತು. ಬಂದಾಗಲೂ ಎದುರಿನವನ ಹತ್ತಿರ ಎರಡು ರಾಜ ಇದ್ದು, ಇಬ್ಬರೂ ಇದ್ದ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದರೆ ನೀವು ಗೆಲ್ಲೋ ಸಾಧ್ಯತೆ ಶೇ. 82ರ ಸುಮಾರು. ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ ಸೋಲು. ಸಾವಿರಾರು ಕೈ ಆಡಿದ ಮೇಲೆ ಕೌಶಲ ಎದ್ದು ಕಾಣುತ್ತೆ ನಿಜ. ಒಂದು ದಿನದ ಲಾಗ್ ನೋಡಿ ಸಿಸ್ಟಮ್ ಗಟ್ಟಿಯಾಗಿದೆ ಅನ್ನೋಕಾಗಲ್ಲ ಅಂತ ನಮ್ಮ ಕೆಲಸ ಮಾಡೋರಿಗೆ ಬಿಡಿಸಿ ಹೇಳಬೇಕಿಲ್ಲ.

ಹೋದ ವರ್ಷ ಇಬ್ಬರು ಗೆಳೆಯರ ಜೊತೆ ಅಂಥ ಒಂದು ಹಡಗಿನ ಟೂರ್ನಮೆಂಟಿನಲ್ಲಿ ನಾನೂ ಆಡಿದೆ. ಶುಲ್ಕ 15,000 ರೂಪಾಯಿ. ನನ್ನ ಎದುರಿಗೆ ಕೂತಿದ್ದವರು ಹುಬ್ಬಳ್ಳಿ ಕಡೆಯವರು, ಐವತ್ತರ ಆಸುಪಾಸು, ಗೊಬ್ಬರದ ಅಂಗಡಿ. ನಾವು ಕನ್ನಡದಲ್ಲಿ ಮಾತಾಡಿಕೊಳ್ಳೋದು ಕೇಳಿ, "ಯಾವ ಊರವ್ರೀ ನೀವು?" ಅಂದರು. "ಹಾಸನದ ಕಡೆ ಅಣ್ಣಾ" ಅಂದೆ. ಒಂದು ಗಂಟೆ ನೋಡುವಷ್ಟರಲ್ಲಿ ಅವರ ಆಟ ಅರ್ಥವಾಯ್ತು. ಒಂದು ಜೋಡಿ ಸಿಕ್ಕರೆ ಸಾಕು, ಅಣ್ಣ ಎಲೆ ಎಸೆಯೋರೇ ಅಲ್ಲ. ನನಗೆ ಎರಡು ರಾಜ ಬಂದಾಗ ಮೂರು ಸುತ್ತೂ ದೊಡ್ಡ ದೊಡ್ಡ ಬೆಟ್ ಹಾಕಿದೆ. ಅವರ ಹತ್ತಿರ ಒಂಬತ್ತರ ಜೋಡಿ ಇತ್ತು. ಮೂರು ಸುತ್ತೂ ಬಂದರು, ಚಿಪ್ಸ್ ಪೂರ್ತಿ ಹೋಯ್ತು. "ಇರ್ಲಿ ಬಿಡ್ರಿ ತಮ್ಮಾ, ಇನ್ನೊಮ್ಮೆ ಕುಂದರ್ತೀನಿ" ಅಂತ ನಕ್ಕು ಎದ್ದು ಹೋಗಿ ಮತ್ತೆ 15,000 ಕಟ್ಟಿ ಬಂದರು. ಆ ರಾತ್ರಿ ಒಟ್ಟು ನಾಲ್ಕು ಸಲ ಕಟ್ಟಿದರು. ನಾನು 7ನೇ ಜಾಗದಲ್ಲಿ ಹೊರಬಿದ್ದೆ. ಶೇ. 30ರ ತೆರಿಗೆ ಹಿಡಿದು ಕೈಗೆ ಬಂದದ್ದು ಮೂವತ್ತು ಸಾವಿರದ ಹತ್ತಿರ.

ನಾನು ಆಡಿದ್ದರಲ್ಲಿ ಮೋಸ ಇಲ್ಲ. ಆ ಕೈಯನ್ನ ಇವತ್ತು ಆಡಿದರೂ ಹಾಗೇ ಆಡ್ತೀನಿ. ಪ್ರಶ್ನೆ ಬೇರೆ. ಆ ದುಡ್ಡು ಎಲ್ಲಿಂದ ಬಂತು? ಆ ಮೇಜಿನ ಮೇಲೆ ಯಾರೂ ಏನನ್ನೂ ಬೆಳೆಯಲಿಲ್ಲ, ಕಟ್ಟಲಿಲ್ಲ, ರಿಪೇರಿ ಮಾಡಲಿಲ್ಲ. ಕೂತವರೆಲ್ಲ ಹಾಕಿದ ದುಡ್ಡಲ್ಲಿ ಹಡಗಿನವರ ಪಾಲು ಕಳೆದು ಉಳಿದದ್ದು ಕೆಲವರ ಕೈ ಸೇರಿತು, ಅಷ್ಟೇ. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರಿನಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಅಮೆರಿಕದ ಅಕೌಂಟೆಂಟ್, ಆನ್‌ಲೈನ್ ಅರ್ಹತಾ ಟೂರ್ನಮೆಂಟಿನಿಂದ ಬಂದ ಹವ್ಯಾಸಿ, 25 ಲಕ್ಷ ಡಾಲರ್ ಗೆದ್ದ. ಪ್ರಪಂಚದ ಹವ್ಯಾಸಿಗಳೆಲ್ಲ ಕನಸು ಕಾಣೋಕೆ ಶುರು ಮಾಡಿದ್ದೇ ಆಗ. ಆದರೆ ಆ ಮೊತ್ತ 839 ಎಂಟ್ರಿಗಳ, ತಲಾ 10,000 ಡಾಲರಿನ ಹುಂಡಿಯಿಂದ ಬಂದದ್ದು. ಗೆದ್ದವನ ಹೆಸರು ನಮಗೆ ಗೊತ್ತು, ಹುಂಡಿ ತುಂಬಿದವರದ್ದು ಗೊತ್ತಿಲ್ಲ.

"ಷೇರು ಮಾರ್ಕೆಟ್ಟೂ ಹಾಗೇ ಅಲ್ವಾ?" ಅಂತೀರಿ. ಕಂಪನಿ ಬೆಳೆದರೆ ಷೇರಿನ ಬೆಲೆಯೂ ಬೆಳೆಯುತ್ತೆ, ಅದು ಬೇರೆ. ಎಫ್ ಅಂಡ್ ಓ ಮಾತಾದರೆ ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಮೂರು ವರ್ಷದಲ್ಲಿ ಅದರಲ್ಲಿ ಆಡಿದ ಬಿಡಿ ವ್ಯಕ್ತಿಗಳಲ್ಲಿ ಶೇ. 93ರಷ್ಟು ಜನ ಕಳೆದುಕೊಂಡರು ಅಂತ 2024ರ ಸೆಪ್ಟೆಂಬರ್‌ನಲ್ಲಿ ಸೆಬಿಯೇ ಹೇಳಿತು. ಪೋಕರ್ ಅಂದ್ರೆ ಮೂಗು ಮುರಿಯೋ ನಮ್ಮ ಎಷ್ಟೋ ಜನ ಮೀಟಿಂಗ್ ಮಧ್ಯೆ ಆಪ್ಷನ್ಸ್ ಆಡ್ತಿರ್ತಾರೆ.

ನನಗೆ ಕಾಣೋದು ಇಷ್ಟು. ಸ್ಕಿಲ್ ಅನ್ನೋ ವಾದ ನಮ್ಮನ್ನು ಬಿಡುಗಡೆ ಮಾಡಲ್ಲ, ಇನ್ನೂ ಬಿಗಿಯಾಗಿ ಕಟ್ಟುತ್ತೆ. ತಂಬೋಲಾದಲ್ಲಿ ಗೆದ್ದವನು ಯಾರ ದೌರ್ಬಲ್ಯವನ್ನೂ ಬಳಸಿಕೊಂಡಿರಲ್ಲ, ಚೀಟಿ ಬಂತು, ಗೆದ್ದ. ಪೋಕರಿನಲ್ಲಿ ಗೆಲ್ಲೋ ದಾರಿಯೇ ಎದುರಿನವನ ತಿಳಿಯದಿರುವಿಕೆ. ಹುಬ್ಬಳ್ಳಿ ಅಣ್ಣ ಎಲೆ ಎಸೆಯಲ್ಲ ಅಂತ ನನಗೆ ಗೊತ್ತಿತ್ತು, ನನಗೆ ಗೊತ್ತು ಅಂತ ಅವರಿಗೆ ಗೊತ್ತಿರಲಿಲ್ಲ. ಆಟದಲ್ಲಿ ಪಳಗಿದವರು ಅಂಥವರಿಗೆ 'ಫಿಶ್' ಅಂತಾರೆ, ಮೀನು. ನನ್ನ ಕೌಶಲ ಹೆಚ್ಚಿದಷ್ಟೂ ಯಾರ ಜೇಬಿಗೆ ಕೈ ಹಾಕ್ತಿದೀನಿ ಅನ್ನೋದು ಸ್ಪಷ್ಟವಾಗುತ್ತಾ ಹೋಗುತ್ತೆ.

ಮಹಾಭಾರತದಲ್ಲಿ ಶಕುನಿ ದುರ್ಯೋಧನನಿಗೆ ಧೈರ್ಯ ಹೇಳೋದೇ ಹೀಗೆ: ಯುಧಿಷ್ಠಿರನಿಗೆ ಪಗಡೆ ಇಷ್ಟ, ಆಡೋಕೆ ಬರಲ್ಲ. ಮೋಸದ ದಾಳದ ಮಾತು ಪಕ್ಕಕ್ಕಿಡಿ, ಅನ್ಯಾಯ ಅಲ್ಲೇ ಶುರುವಾಯ್ತು. ಅದೇ ಗ್ರಂಥದ ನಳನ ಕಥೆ ಇನ್ನೊಂದು ದಾರಿ ತೋರಿಸುತ್ತೆ. ಪುಷ್ಕರನ ಎದುರು ರಾಜ್ಯ ಸೋತ ನಳ, ಋತುಪರ್ಣನಿಗೆ ಅಶ್ವವಿದ್ಯೆ ಕೊಟ್ಟು ಅವನಿಂದ ಅಕ್ಷಹೃದಯ ಕಲೀತಾನೆ. ಪಕ್ಕಾ ಸ್ಕಿಲ್ ಗೇಮ್! ವಾಪಸ್ ಬಂದು ಆಡಿ ಗೆಲ್ತಾನೆ. ಗೆದ್ದ ಮೇಲೆ ಪುಷ್ಕರನ ಪಾಲನ್ನು ಅವನಿಗೇ ಬಿಟ್ಟು ಮರ್ಯಾದೆಯಿಂದ ಕಳಿಸ್ತಾನೆ. ಸೋತವನು ಬದುಕೋಕಾಗಬೇಕು ಅನ್ನೋ ಲೆಕ್ಕ ಗೆದ್ದವನ ತಲೆಯಲ್ಲಿತ್ತು.

ನಮ್ಮೂರಲ್ಲೂ ಯುಗಾದಿ ಬಂದ್ರೆ ಇಸ್ಪೀಟು ನಡೀತಿತ್ತು. ಸಂತರ ಆಟವೇನಲ್ಲ ಅದು, ಮನೆ ಹಾಳು ಮಾಡಿಕೊಂಡೋರೂ ಇದ್ದರು. ಆದರೆ ಗೆದ್ದವನು ಮಾರನೇ ಬೆಳಗ್ಗೆ ಸೋತವನ ಮನೆ ಮುಂದೇನೇ ಡೇರಿಗೆ ಹಾಲು ತಗೊಂಡು ಹೋಗಬೇಕಿತ್ತು. ಅವನ ಹೆಂಡತಿ ನಲ್ಲಿ ಹತ್ರ ಸಿಗ್ತಿದ್ದಳು, ಮಕ್ಕಳು ಒಂದೇ ಸ್ಕೂಲು. ಹಾಗಾಗಿ, "ಸಾಕು ಎದ್ದೇಳೋ, ಮನೇಲಿ ಕಾಯ್ತಿರ್ತಾರೆ" ಅಂತ ಗೆಲ್ಲುತ್ತಿದ್ದವನೇ ಬೈದು ಎಬ್ಬಿಸೋದನ್ನ ನಾನು ನೋಡಿದೀನಿ. ಪೊಲೀಸರು ಹಿಡಿದು ಪೇಪರಲ್ಲಿ ಹೆಸರು ಬರೋದು ಆ ಕಟ್ಟೆಯವರದ್ದೇ. ಹಡಗಿನಲ್ಲಿ ಆಡಿದ ನಮ್ಮದು ಇನ್‌ಸ್ಟಾಗ್ರಾಂನಲ್ಲಿ ಬರುತ್ತೆ. ಹಡಗಿನಲ್ಲಿ ಸೋತವನು ಎದ್ದು ಹೋದರೆ ಮುಗೀತು, ಅವನ ಬೆಳಗು ನಮಗೆ ಕಾಣಲ್ಲ. ಟಿಕೆಟ್ಟಿನ ಜೊತೆ ನಾವು ಕೊಂಡುಕೊಳ್ಳೋದು ಆ ಕಾಣದಿರುವಿಕೆಯನ್ನೂ ಕೂಡ.

ಹಾಗಾದ್ರೆ ಆಡೋದೇ ಬೇಡವಾ? ಅಷ್ಟು ದೂರ ನಾನು ಹೋಗಲ್ಲ. ಟೂರ್ನಮೆಂಟಿನ ಮೂಲ ಕಲ್ಪನೆಯಲ್ಲೇ ಒಂದು ಮರ್ಯಾದೆ ಇದೆ. ಎಷ್ಟು ಸೋಲಬಹುದು ಅನ್ನೋದನ್ನ ಆಟಕ್ಕೆ ಮುಂಚೆಯೇ, ತಲೆ ತಣ್ಣಗಿರುವಾಗ, ಎಲ್ಲರೂ ಒಪ್ಪಿ ಕೂರ್ತಾರೆ. 15,000 ಅಂದರೆ 15,000, ಒಂದು ರೂಪಾಯಿ ಹೆಚ್ಚಿಲ್ಲ. ಸಿನಿಮಾ, ಟ್ರೆಕ್ಕಿಂಗ್, ಬಿರಿಯಾನಿ ತರಹ ಅದೂ ಒಂದು ಖರ್ಚು. ಈ ಮರ್ಯಾದೆಯನ್ನ ಮುರಿಯೋದು ರೀ-ಎಂಟ್ರಿ. ಸೋತ ಬಿಸಿಯಲ್ಲಿ, ಇನ್ನೊಮ್ಮೆ ಅನ್ನೋ ಹಟದಲ್ಲಿ ಕಟ್ಟೋ ಎರಡನೇ, ಮೂರನೇ ಶುಲ್ಕವನ್ನ ಯಾರೂ ತಣ್ಣಗೆ ಕೂತು ಒಪ್ಪಿರಲ್ಲ. ಬಹುಮಾನದ ಮೊತ್ತ ದೊಡ್ಡದಾಗಿ ಕಾಣೋದೂ ಬಹುಪಾಲು ಆ ದುಡ್ಡಿನಿಂದಲೇ.

ಕಾನೂನು ಕೂಡ ಈ ಕಡೆ ತಿರುಗಿದಂತಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಕೌಶಲದ್ದಾದರೂ ಅದೃಷ್ಟದ್ದಾದರೂ ಒಂದೇ ಅಂದಿತು. ನಿಷೇಧ ಸರಿಯೋ ತಪ್ಪೋ ವಾದ ಮಾಡಬಹುದು. ಕೌಶಲವೋ ಅದೃಷ್ಟವೋ ಅಂತ ಕೇಳೋದನ್ನ ಬಿಟ್ಟು, ಕಳೆದುಕೊಳ್ಳೋನು ಯಾರು ಅಂತ ಕೇಳಿದ್ದು ಮಾತ್ರ ಸರಿ ಅಂತ ನನಗನ್ಸುತ್ತೆ.

ಹುಬ್ಬಳ್ಳಿ ಅಣ್ಣನಿಗೆ 60,000 ಒಂದು ಲೆಕ್ಕವೇ ಅಲ್ಲದಿರಬಹುದು. ಅಂಗಡಿಯ ಸಾಲದ ಕಂತೂ ಆಗಿರಬಹುದು. ನಾನು ಕೇಳಲಿಲ್ಲ, ಅಲ್ಲಿ ಯಾರೂ ಕೇಳಲ್ಲ, ಕೇಳಿದರೆ ಆಟವೇ ನಡೆಯಲ್ಲ. ಅದಕ್ಕೇ ನಾನು ಮಾಡಿಕೊಂಡ ನಿಯಮ ಚಿಕ್ಕದು. ರೀ-ಎಂಟ್ರಿ ಇಲ್ಲದ ಟೂರ್ನಮೆಂಟ್ ಇದ್ದರೆ ಮಾತ್ರ ಕೂರೋದು. ಗೆದ್ದರೆ ಖುಷಿಪಡ್ತೀನಿ, ಗೆಳೆಯರಿಗೆ ಊಟ ಕೊಡಿಸ್ತೀನಿ. ಅದನ್ನ ದುಡಿಮೆ ಅಂತ ಮಾತ್ರ ಕರೆಯಲ್ಲ.